ಆಟದ ಲೆವೆಲ್ ಫೈಲಿನಲ್ಲಿ ಏನನ್ನು ಬರೆದಿಡಬೇಕು?

(ಸಂಘದ ವಿದ್ಯಾರ್ಥಿಗಳ ಕಂಪ್ಯೂಟರ್ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ಕೇಳಿ ಹಿರಿಯರಲ್ಲಿ ಕೆಲವರು ಮುಗುಳ್ನಗಬಹುದು. ಕಂಪ್ಯೂಟರ್ ಆಟದ ಲೆವೆಲ್‌ಗಳನ್ನು ಫೈಲಿನಲ್ಲಿ ಉಳಿಸುವುದು, ಮತ್ತೆ ತೆರೆಯುವುದು. ಶಿಕ್ಷಣ ಸಂಘದ ವೇದಿಕೆಯಲ್ಲಿ ಆಟದ ಮಾತೇ ಎಂದು ಅವರು ಕೇಳಿದರೆ ತಪ್ಪಲ್ಲ. ಆದರೆ ಬಿ.ಸಿ.ಎ., ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಆಟವನ್ನೇ ಆರಿಸಿಕೊಳ್ಳುತ್ತಾರೆ. ಉತ್ಸಾಹದಿಂದ ಮಾಡುತ್ತಾರೆ ಕೂಡ. ಚಿತ್ರ ಓಡಾಡುತ್ತದೆ, ಶಬ್ದ ಬರುತ್ತದೆ, ಅಂಕ ಏರುತ್ತದೆ. 'ಸೇವ್' ಎಂಬ ಬಟನ್ ಮಾತ್ರ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಬಂದು ಸೇರಿಕೊಳ್ಳುತ್ತದೆ. ಪರೀಕ್ಷಕರು ಅದನ್ನು ಒತ್ತದಿದ್ದರೆ ಸಾಕು ಎಂದು ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ನನ್ನ ಮಾತು ಇದಕ್ಕೆ ಪೂರ್ತಿ ವಿರುದ್ಧ. ಆ ಬಟನ್ನಿನ ಹಿಂದಿನ ಕೆಲಸವೇ ಮೊದಲು ಯೋಚಿಸಬೇಕಾದ ಕೆಲಸ. ಪ್ರೋಗ್ರಾಂ ನಿಮ್ಮದು, ಅದು ಕೆಟ್ಟರೆ ತಿದ್ದಿ ಮುಂದಿನ ತಿಂಗಳು ಮತ್ತೆ ಹಂಚಬಹುದು. ಫೈಲ್ ಮಾತ್ರ ಬಳಸುವವನದು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೂರು ಸಂಜೆ ಕುಳಿತು ನಿಮ್ಮ ಆಟದೊಳಗೆ ಒಂದು ಚಕ್ರವ್ಯೂಹ ಕಟ್ಟಿದಳು ಎಂದಿಟ್ಟುಕೊಳ್ಳಿ. ಆ ಮೂರು ಸಂಜೆಗಳು ಇರುವುದು ಆ ಫೈಲಿನಲ್ಲಿ ಮಾತ್ರ. ನೀವು ಅದನ್ನು ಕಳೆದರೆ ಯಾರೂ ತಿದ್ದಿಕೊಡಲಾರರು.

ಆಟದಲ್ಲಿ ಉಳಿಸಿಡುವ ಸೌಲಭ್ಯ ಮೊದಲಿನಿಂದಲೂ ಇರಲಿಲ್ಲ. ಟಿ.ವಿ.ಗೆ ಜೋಡಿಸಿ ಆಡುವ ಹಳೆಯ ಯಂತ್ರಗಳಲ್ಲಿ ಬರೆದಿಡಲು ಜಾಗವೇ ಇರುತ್ತಿರಲಿಲ್ಲ. ಲೆವೆಲ್ ಮುಗಿದಾಗ ಪರದೆಯ ಮೇಲೆ ಒಂದು ಗುಪ್ತಪದ ತೋರಿಸುತ್ತಿದ್ದರು, ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. 1987ರಲ್ಲಿ ಅಮೆರಿಕಕ್ಕೆ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ' ಆಟದ ಕಾರ್ಟ್ರಿಡ್ಜ್ ಒಳಗೆ ಒಂದು ಸಣ್ಣ ಬ್ಯಾಟರಿ ಇಟ್ಟು, ಯಂತ್ರ ಆರಿಸಿದ ಮೇಲೂ ಮೆಮೊರಿ ಅಳಿಯದಂತೆ ಮಾಡಿದರು. ಡಿಸ್ಕ್ ಇದ್ದ ಕಂಪ್ಯೂಟರುಗಳ ಕಥೆ ಬೇರೆ. 1983ರ 'ಲೋಡ್ ರನ್ನರ್' ಆಟದಲ್ಲಿ 150 ಲೆವೆಲ್‌ಗಳಿದ್ದುದಲ್ಲದೆ, ಆಡುವವನೇ ಹೊಸ ಲೆವೆಲ್ ಕಟ್ಟಿ ಡಿಸ್ಕಿನಲ್ಲಿ ಉಳಿಸುವ ಸಾಧನವೂ ಇತ್ತು. ಅಂದರೆ ನಾವು ಇಂದು ಮಾಡಹೊರಟಿರುವ ಕೆಲಸಕ್ಕೆ ನಾಲ್ಕು ದಶಕ ದಾಟಿದೆ.

ಈಗ ಕೈಗೆ ಸಿಗುವ ಒಂದು ಉದಾಹರಣೆಯಿಂದ ಪ್ರಾರಂಭಿಸೋಣ. 'ಸೊಕೊಬಾನ್' ಎಂಬ ಜಪಾನಿ ಆಟವನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಆಡಿರಬಹುದು. ಗೋದಾಮಿನ ಕೆಲಸಗಾರನೊಬ್ಬ ಪೆಟ್ಟಿಗೆಗಳನ್ನು ತಳ್ಳಿ ಗುರುತಿಟ್ಟ ಜಾಗಕ್ಕೆ ತಂದು ನಿಲ್ಲಿಸಬೇಕು, ಎಳೆಯುವಂತಿಲ್ಲ, ಅಷ್ಟೇ ಆಟ. ಹಿರೋಯುಕಿ ಇಮಾಬಯಾಶಿ ಅವರು ರೂಪಿಸಿದ ಈ ಆಟ 1982ರಲ್ಲಿ ಪ್ರಕಟವಾಯಿತು. ಇದರ ಲೆವೆಲ್‌ಗಳನ್ನು ಅಭಿಮಾನಿಗಳು ಹಂಚಿಕೊಳ್ಳುವ ರೀತಿ ನೋಡಿ:

#######
#     #
# .$@ #
#     #
#######

ಇಡೀ ಲೆವೆಲ್ ಇಷ್ಟೇ. # ಎಂದರೆ ಗೋಡೆ, @ ಎಂದರೆ ಕೆಲಸಗಾರ, $ ಎಂದರೆ ಪೆಟ್ಟಿಗೆ, ಚುಕ್ಕೆ ಎಂದರೆ ಪೆಟ್ಟಿಗೆ ಸೇರಬೇಕಾದ ಗುರಿ, ಖಾಲಿ ಜಾಗ ಎಂದರೆ ನೆಲ. ನೋಟ್‌ಪ್ಯಾಡಿನಲ್ಲಿ ಬರೆಯಬಹುದು, ಕಾಗದದಲ್ಲಿ ಅಚ್ಚು ಹಾಕಬಹುದು, ಫೋನಿನಲ್ಲಿ ಗೆಳೆಯನಿಗೆ ಓದಿ ಹೇಳಬಹುದು. ಆಟದ ಪ್ರೋಗ್ರಾಂ ಕಳೆದುಹೋದರೂ ಲೆವೆಲ್ ಉಳಿಯುತ್ತದೆ.

ಇಷ್ಟು ಸರಳವಾದುದರಲ್ಲೂ ಕಲಿಯಬೇಕಾದದ್ದಿದೆ. ಆಟ ಅರ್ಧದಲ್ಲಿದೆ, ಪೆಟ್ಟಿಗೆ ಗುರಿಯ ಮೇಲೆ ಬಂದು ಕುಳಿತಿದೆ. ಆ ಮನೆಯಲ್ಲಿ ಈಗ ಏನು ಬರೆಯುತ್ತೀರಿ? $ ಬರೆದರೆ ಕೆಳಗಿದ್ದ ಗುರಿ ಮಾಯವಾಯಿತು. ಚುಕ್ಕೆ ಬರೆದರೆ ಪೆಟ್ಟಿಗೆ ಮಾಯವಾಯಿತು. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ. ಉಳಿಸಿ ಮತ್ತೆ ತೆರೆದಾಗ ಗೆಲ್ಲಲಾಗದ ಲೆವೆಲ್ ಎದುರಿಗಿರುತ್ತದೆ. ಅದಕ್ಕಾಗಿಯೇ ಆ ಸಂಕೇತಗಳಲ್ಲಿ ಗುರಿಯ ಮೇಲಿನ ಪೆಟ್ಟಿಗೆಗೆ * ಎಂದೂ, ಗುರಿಯ ಮೇಲೆ ನಿಂತ ಕೆಲಸಗಾರನಿಗೆ + ಎಂದೂ ಬೇರೆ ಗುರುತುಗಳಿವೆ. ಉಳಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ: ಪರದೆಯಲ್ಲಿ ಕಾಣುವುದನ್ನು ಬರೆಯುತ್ತಿದ್ದೇನೆಯೋ, ಆಟಕ್ಕೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆಯೋ?

ಇನ್ನೊಂದು ಸಣ್ಣ ವಿಷಯ. ಮೇಲಿನ ಲೆವೆಲ್ಲಿನಲ್ಲಿ ಐದು ಸಾಲು, ಸಾಲಿಗೆ ಏಳು ಅಕ್ಷರ. ಲಿನಕ್ಸಿನಲ್ಲಿ ಉಳಿಸಿದರೆ ಫೈಲ್ 40 ಬೈಟ್, ವಿಂಡೋಸ್ ರೀತಿಯಲ್ಲಿ ಉಳಿಸಿದರೆ 45 ಬೈಟ್. ಸಾಲಿನ ಕೊನೆಯನ್ನು ಗುರುತಿಸಲು ಒಂದು ಕಡೆ ಒಂದು ಬೈಟ್, ಇನ್ನೊಂದು ಕಡೆ ಎರಡು. 'ಎಂಟನೇ ಬೈಟಿನಿಂದ ಎರಡನೇ ಸಾಲು' ಎಂದು ಲೆಕ್ಕ ಹಾಕಿ ಓದುವ ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ನಡೆದು ಗೆಳತಿಯ ಯಂತ್ರದಲ್ಲಿ ಮುಗ್ಗರಿಸುವುದು ಹೀಗೆ. ಸಾಲು ಸಾಲಾಗಿ ಓದಿ, ಬೈಟ್ ಎಣಿಸಬೇಡಿ.

ಇಲ್ಲಿ ಒಂದು ಭೇದ ಸ್ಪಷ್ಟ ಮಾಡಿಕೊಳ್ಳಬೇಕು. ಲೆವೆಲ್ ಬೇರೆ, ಆಡುವವನು ಎಲ್ಲಿಯವರೆಗೆ ಬಂದಿದ್ದಾನೆ ಎಂಬುದು ಬೇರೆ. ಲೆವೆಲ್ ಎಂದರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇದ್ದಂತೆ, ಎಲ್ಲರಿಗೂ ಒಂದೇ. ಆಟದ ಸ್ಥಿತಿ ಎಂದರೆ ಒಬ್ಬೊಬ್ಬರ ಉತ್ತರಪತ್ರಿಕೆ. ಎರಡನ್ನೂ ಒಂದೇ ಫೈಲಿಗೆ ತುಂಬುವ ಅಭ್ಯಾಸ ನಮ್ಮ ಹುಡುಗರ ಪ್ರಾಜೆಕ್ಟ್‌ಗಳಲ್ಲಿ ಬಹಳ. ಆಮೇಲೆ ಲೆವೆಲ್ಲಿನಲ್ಲಿ ಒಂದು ಗೋಡೆ ತಿದ್ದಬೇಕಾದರೆ ಎಲ್ಲರ ಉಳಿಸಿದ ಆಟವನ್ನೂ ತಿದ್ದಬೇಕಾಗುತ್ತದೆ. ಸೊಕೊಬಾನ್ ಅಭಿಮಾನಿಗಳು ಸ್ಥಿತಿಯನ್ನು ಬೇರೆಯೇ ಬರೆಯುತ್ತಾರೆ: ಮೇಲೆ, ಕೆಳಗೆ, ಎಡ, ಬಲ ಎಂಬ ನಾಲ್ಕು ಅಕ್ಷರಗಳ ಒಂದು ಸಾಲು, ಬರೀ ನಡೆದರೆ ಸಣ್ಣಕ್ಷರ, ಪೆಟ್ಟಿಗೆ ತಳ್ಳಿದರೆ ದೊಡ್ಡಕ್ಷರ. ಮೇಲಿನ ಲೆವೆಲ್ಲಿಗೆ ಉತ್ತರ ಒಂದೇ ಒಂದು ಅಕ್ಷರ.

ಈಗ ಸ್ವಲ್ಪ ದೊಡ್ಡ ಆಟಕ್ಕೆ ಬರೋಣ. ಇಡ್ ಸಾಫ್ಟ್‌ವೇರ್ ಕಂಪನಿಯ 'ಡೂಮ್', 1993ರ ಡಿಸೆಂಬರ್ 10ರಂದು ಬಿಡುಗಡೆಯಾದದ್ದು. ಆ ಆಟದಲ್ಲಿ ಗುಂಡು ಹಾರಿಸುವುದೇ ಹೆಚ್ಚು. ಅದನ್ನು ಆಡಿರೆಂದು ನಾನು ಹೇಳುತ್ತಿಲ್ಲ, ಪೋಷಕರು ಗಾಬರಿಯಾಗಬೇಡಿ. ಅದರ ಫೈಲನ್ನು ಬಿಚ್ಚಿ ನೋಡಿರೆಂದಷ್ಟೇ ಹೇಳುತ್ತೇನೆ. ಬರೆದವರು ಪ್ರೋಗ್ರಾಂ ಒಂದು ಕಡೆ, ಲೆವೆಲ್, ಚಿತ್ರ, ಶಬ್ದಗಳೆಲ್ಲ ಇನ್ನೊಂದು ಕಡೆ ಎಂದು ಬೇರ್ಪಡಿಸಿಟ್ಟರು. ಆ ಎರಡನೆಯ ಫೈಲಿಗೆ 'ವಾಡ್' ಎಂದು ಹೆಸರು.

ವಾಡ್ ಫೈಲಿನ ಮೊದಲ 12 ಬೈಟ್‌ಗಳೇ ಅದರ ತಲೆಬರಹ. ಮೊದಲ ನಾಲ್ಕು ಬೈಟ್‌ಗಳಲ್ಲಿ 'ಐವಾಡ್' ಅಥವಾ 'ಪಿವಾಡ್' ಎಂಬ ಗುರುತು: ಮೊದಲನೆಯದು ಮೂಲ ಆಟದ ಫೈಲ್, ಎರಡನೆಯದು ಅದರ ಮೇಲೆ ಹಾಕುವ ತೇಪೆ. ಮುಂದಿನ ನಾಲ್ಕರಲ್ಲಿ ಒಳಗೆ ಎಷ್ಟು ತುಂಡುಗಳಿವೆ ಎಂಬ ಸಂಖ್ಯೆ. ಕೊನೆಯ ನಾಲ್ಕರಲ್ಲಿ ಪರಿವಿಡಿ ಯಾವ ಬೈಟಿನಿಂದ ಶುರುವಾಗುತ್ತದೆ ಎಂಬುದು. ಪರಿವಿಡಿಯ ಒಂದೊಂದು ಸಾಲಿಗೂ 16 ಬೈಟ್: ತುಂಡು ಎಲ್ಲಿದೆ ಎಂಬುದಕ್ಕೆ ನಾಲ್ಕು, ಎಷ್ಟು ಉದ್ದ ಎಂಬುದಕ್ಕೆ ನಾಲ್ಕು, ಹೆಸರಿಗೆ ಎಂಟು. ಪುಸ್ತಕದ ಪರಿವಿಡಿಯಂತೆಯೇ, ಬೇಕಾದ ಪುಟಕ್ಕೆ ನೇರವಾಗಿ ಹೋಗಬಹುದು. ಗೊತ್ತಿಲ್ಲದ ಹೆಸರಿನ ತುಂಡು ಸಿಕ್ಕರೆ ಅದನ್ನು ಬಿಟ್ಟು ಮುಂದೆ ಸಾಗಬಹುದು. ಈ ಕೊನೆಯ ಗುಣ ಬಹಳ ದೊಡ್ಡದು. ಮುಂದೆ ಯಾರಾದರೂ ಹೊಸ ಬಗೆಯ ತುಂಡು ಸೇರಿಸಿದರೂ ಹಳೆಯ ಓದುಗ ಕಂಗೆಡಬೇಕಿಲ್ಲ.

ಲೆವೆಲ್ಲಿನ ಒಳಗೂ ಹೀಗೆಯೇ ಅಚ್ಚುಕಟ್ಟು. ಮೂಲೆಗಳ ಪಟ್ಟಿ ಒಂದು, ಮೂಲೆಗೆ ನಾಲ್ಕು ಬೈಟ್. ಗೋಡೆಗಳ ಪಟ್ಟಿ ಇನ್ನೊಂದು. ನಿಲ್ಲಿಸಿದ ವಸ್ತುಗಳ ಪಟ್ಟಿ ಮತ್ತೊಂದು. ಒಂದು ವಸ್ತುವಿಗೆ 10 ಬೈಟ್ ಸಾಕು: ಅಡ್ಡ, ಉದ್ದ, ಯಾವ ಕಡೆ ಮುಖ, ಯಾವ ಜಾತಿ, ಯಾವ ಯಾವ ಸಂದರ್ಭದಲ್ಲಿ ಕಾಣಿಸಿಕೊಳ್ಳಬೇಕು, ತಲಾ ಎರಡು ಬೈಟ್. ಆ ಪ್ರಾಣಿಯ ಚಿತ್ರವೂ ಇಲ್ಲ, ಶಕ್ತಿಯೂ ಇಲ್ಲ, ಕೂಗೂ ಇಲ್ಲ. ಜಾತಿಯ ಸಂಖ್ಯೆ ಗೊತ್ತಾದರೆ ಉಳಿದದ್ದು ಪ್ರೋಗ್ರಾಮಿಗೆ ಗೊತ್ತು. ಒಂದೇ ಮಾತನ್ನು ನೂರು ಕಡೆ ಬರೆದಿಟ್ಟರೆ ನಾಳೆ ತಿದ್ದುವಾಗ ತೊಂಬತ್ತೊಂಬತ್ತು ಕಡೆ ತಿದ್ದಿ ಒಂದು ಕಡೆ ಮರೆಯುತ್ತೇವೆ.

ಗೋಡೆಗಳ ಪಟ್ಟಿಯಲ್ಲಿ ಮೂಲೆಗಳ ಅಳತೆಯನ್ನು ಮತ್ತೆ ಬರೆದಿಲ್ಲ ಎಂಬುದನ್ನೂ ಗಮನಿಸಿ. 'ಇಷ್ಟನೆಯ ಮೂಲೆಯಿಂದ ಇಷ್ಟನೆಯ ಮೂಲೆಗೆ' ಎಂದು ಕ್ರಮಸಂಖ್ಯೆ ಮಾತ್ರ ಇದೆ. ಸಿ ಭಾಷೆ ಕಲಿತವರಿಗೆ ಪಾಯಿಂಟರ್ ಗೊತ್ತು. ಪಾಯಿಂಟರ್ ಎಂದರೆ ಮೆಮೊರಿಯ ವಿಳಾಸ, ಆ ಹೊತ್ತಿನದು ಮಾತ್ರ. ರೈಲಿನಲ್ಲಿ ಕುಳಿತ ಸೀಟಿನ ನಂಬರಿನಂತೆ, ನಾಳೆ ಅದೇ ಸೀಟಿನಲ್ಲಿ ಬೇರೆ ಯಾರೋ ಇರುತ್ತಾರೆ. ಅದನ್ನು ಫೈಲಿಗೆ ಬರೆದರೆ ಅರ್ಥವಿಲ್ಲದ ಅಂಕಿ ಬರೆದಂತೆ. ಒಂದು ವಸ್ತು ಇನ್ನೊಂದನ್ನು ತೋರಿಸುತ್ತಿದ್ದರೆ, ಈ ಕೀಲಿ ಆ ಬಾಗಿಲಿನದು ಎನ್ನುವಂತೆ, ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು ಆ ಸಂಖ್ಯೆಯನ್ನೇ ಬರೆಯಿರಿ. ತೆರೆಯುವಾಗ ಮೊದಲ ಸುತ್ತಿನಲ್ಲಿ ಎಲ್ಲ ವಸ್ತುಗಳನ್ನೂ ಸೃಷ್ಟಿಸಿ, ಎರಡನೇ ಸುತ್ತಿನಲ್ಲಿ ಸಂಬಂಧ ಜೋಡಿಸಿ. ಒಂದೇ ಸುತ್ತಿನಲ್ಲಿ ಎರಡನ್ನೂ ಮಾಡಹೊರಟರೆ, ಇನ್ನೂ ಹುಟ್ಟದ ಬಾಗಿಲನ್ನು ಕೀಲಿ ಹುಡುಕುತ್ತಾ ನಿಲ್ಲುತ್ತದೆ.

ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಡೂಮ್ ಆಟವೇ ಸಾಕ್ಷಿ. ಅದರ ಮೂಲ ಕೋಡನ್ನು 1997ರ ಡಿಸೆಂಬರಿನಲ್ಲಿ ಸಾರ್ವಜನಿಕಗೊಳಿಸಿದ್ದರಿಂದ ಯಾರು ಬೇಕಾದರೂ ಓದಬಹುದು. ಅರ್ಧ ಆಡಿ ಉಳಿಸಿದ ಆಟವನ್ನು ಮತ್ತೆ ತೆರೆಯುವಾಗ, ಯಾವ ಪ್ರಾಣಿ ಯಾರನ್ನು ಬೆನ್ನಟ್ಟುತ್ತಿತ್ತು ಎಂಬ ಪಾಯಿಂಟರನ್ನು ಆ ಕೋಡ್ ಸುಮ್ಮನೆ ಖಾಲಿ ಮಾಡಿಬಿಡುತ್ತದೆ. ಹಾಗಾಗಿ ಉಳಿಸುವ ಮೊದಲು ನಿಮ್ಮ ಹಿಂದೆಯೇ ಓಡಿಬರುತ್ತಿದ್ದ ಪ್ರಾಣಿ, ತೆರೆದ ಮೇಲೆ ಗುರಿ ಮರೆತು ನಿಂತಿರುತ್ತದೆ. ಆಡುವವನಿಗೆ ಅದರಿಂದ ಲಾಭವೇ ಆಯಿತೆನ್ನಿ, ಯಾರೂ ದೂರು ಕೊಟ್ಟಿರಲಿಕ್ಕಿಲ್ಲ.

ಇನ್ನೊಂದು ಕೊರತೆ ಇಷ್ಟು ಸೌಮ್ಯವಾದದ್ದಲ್ಲ. ಉಳಿಸುವ ಆಟವನ್ನೆಲ್ಲ ಮೊದಲು ಮೆಮೊರಿಯಲ್ಲಿ 1,80,224 ಬೈಟ್‌ಗಳ ಒಂದು ಪೆಟ್ಟಿಗೆಯಲ್ಲಿ ತುಂಬಿ, ಆಮೇಲೆ ಡಿಸ್ಕಿಗೆ ಬರೆಯುತ್ತಿದ್ದರು. ಕಂಪನಿಯ ಸ್ವಂತ ಲೆವೆಲ್‌ಗಳಿಗೆ ಅಷ್ಟು ಸಾಕಾಗುವಂತಿತ್ತು. ಆದರೆ ಅಭಿಮಾನಿಗಳು ಕಟ್ಟಿದ ದೊಡ್ಡ ಲೆವೆಲ್‌ಗಳಲ್ಲಿ ಪೆಟ್ಟಿಗೆ ತುಂಬಿ ತುಳುಕಿ, 'ಸೇವ್' ಒತ್ತಿದ ಕ್ಷಣವೇ ಆಟ ತಪ್ಪುಸೂಚನೆ ಕೊಟ್ಟು ನಿಂತುಬಿಡುತ್ತಿತ್ತು. ಕಾಪಾಡಬೇಕಾದ ಬಟನ್ನೇ ಕೈಕೊಟ್ಟಿತು. ನಿಮ್ಮ ಕೋಡಿನಲ್ಲಿ 'ನೂರಕ್ಕಿಂತ ಹೆಚ್ಚು ವಸ್ತು ಯಾರು ಇಡುತ್ತಾರೆ' ಎಂದು ಬರೆದುಕೊಂಡಿದ್ದರೆ, ನೂರ ಒಂದನೆಯದನ್ನು ಇಡುವವನು ಖಂಡಿತ ಬರುತ್ತಾನೆ.

ಆದರೂ ಆ ಫೈಲ್ ರೂಪದ ಆಯುಸ್ಸು ನೋಡಿ. 1994ರಲ್ಲಿ ಬ್ರೆಂಡನ್ ವೈಬರ್, ರಾಫೆಲ್ ಕಿನೆ ಮೊದಲಾದವರು ಕಂಪನಿಗೆ ಸೇರದ ಸ್ವಂತ ಎಡಿಟರ್ ಬರೆದು ಹಂಚಿದರು. ಡೂಮ್ ತಯಾರಿಸಿದವರಲ್ಲಿ ಒಬ್ಬರಾದ ಜಾನ್ ರೊಮೆರೊ 2016ರಲ್ಲಿ, ಎರಡು ದಶಕಗಳ ನಂತರ, ಅದೇ ವಾಡ್ ರೂಪದಲ್ಲಿ ಹೊಸ ಲೆವೆಲ್ ಪ್ರಕಟಿಸಿದರು. ಆ ಪ್ರೋಗ್ರಾಂ ಓಡುತ್ತಿದ್ದ ಡಾಸ್ ಯಂತ್ರಗಳು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಫೈಲ್ ಇನ್ನೂ ತೆರೆಯುತ್ತದೆ.

ಈಗ ನಿಮ್ಮ ಪ್ರಾಜೆಕ್ಟ್‌ಗೆ ಬರುತ್ತೇನೆ. ಜಾವಾ ಕಲಿತವರು ಕೇಳುತ್ತಾರೆ: 'ಸರ್, ಇಷ್ಟೆಲ್ಲ ಏಕೆ? ಇಡೀ ಆಬ್ಜೆಕ್ಟನ್ನೇ ಸೀರಿಯಲೈಸ್ ಮಾಡಿ ಒಂದೇ ಸಾಲಿನಲ್ಲಿ ಬರೆಯಬಹುದಲ್ಲ?' ಬರೆಯಬಹುದು. ಬರೆಯುವುದು ಒಂದು ಸಾಲು, ಓದುವುದು ಒಂದು ಸಾಲು. ಮುಂದಿನ ವಾರ ಆ ಕ್ಲಾಸಿಗೆ ಒಂದು ಹೊಸ ಫೀಲ್ಡ್ ಸೇರಿಸುತ್ತೀರಿ. ಕ್ಲಾಸಿನ ಆವೃತ್ತಿ ಸಂಖ್ಯೆಯನ್ನು ನೀವೇ ಬರೆದಿಡದಿದ್ದರೆ ಜಾವಾ ಕ್ಲಾಸಿನ ಸ್ವರೂಪ ನೋಡಿ ತಾನೇ ಲೆಕ್ಕ ಹಾಕುತ್ತದೆ. ಫೀಲ್ಡ್ ಸೇರಿದೊಡನೆ ಆ ಲೆಕ್ಕ ಬದಲಾಗುತ್ತದೆ, ಹಳೆಯ ಫೈಲುಗಳನ್ನೆಲ್ಲ 'ಇದು ಆ ಕ್ಲಾಸಲ್ಲ' ಎಂದು ತಿರಸ್ಕರಿಸುತ್ತದೆ. ಒಂದು ಸಾಲಿನ ಸೋಮಾರಿತನಕ್ಕೆ ಆ ಹುಡುಗಿಯ ಮೂರು ಸಂಜೆ ಹೋಯಿತು.

ಇದಕ್ಕಿಂತ ಗಂಭೀರವಾದ ತೊಂದರೆ ಭದ್ರತೆಯದು. ಲೆವೆಲ್ ಎಂದರೆ ಹಂಚಿಕೊಳ್ಳುವ ವಸ್ತು. ಗೊತ್ತಿಲ್ಲದವರು ಕಳಿಸಿದ್ದನ್ನೂ ತೆರೆಯುತ್ತೀರಿ. ಇಡೀ ಆಬ್ಜೆಕ್ಟ್ ಮರಳಿ ಕಟ್ಟುವ ಇಂಥ ವಿಧಾನಗಳಲ್ಲಿ, ಯಾವ ಕ್ಲಾಸನ್ನು ಕಟ್ಟಬೇಕು ಎಂದು ಹೇಳುವುದು ಫೈಲೇ. ಕೇಡಿಗನು ಫೈಲನ್ನು ತಿದ್ದಿ ನಿಮ್ಮ ಯಂತ್ರದಲ್ಲಿ ತನಗೆ ಬೇಕಾದ ಕೆಲಸ ಮಾಡಿಸಬಹುದು. ಪೈಥಾನಿನ 'ಪಿಕಲ್' ಬಗ್ಗೆ ಅದರ ಅಧಿಕೃತ ಕೈಪಿಡಿಯೇ ಎಚ್ಚರಿಕೆ ಕೊಡುತ್ತದೆ: ನಂಬಿಕೆಯಿಲ್ಲದ ಮೂಲದ್ದನ್ನು ತೆರೆಯಬೇಡಿ. ಮೈಕ್ರೋಸಾಫ್ಟ್ ತನ್ನ ಡಾಟ್ ನೆಟ್‌ನಲ್ಲಿದ್ದ 'ಬೈನರಿ ಫಾರ್ಮ್ಯಾಟರ್' ಅನ್ನು 2024ರ ನವೆಂಬರಿನಲ್ಲಿ ಬಂದ ಒಂಬತ್ತನೇ ಆವೃತ್ತಿಯಲ್ಲಿ ಕಿತ್ತೇ ಹಾಕಿತು. ಹಳೆಯ ಪಠ್ಯಪುಸ್ತಕಗಳಲ್ಲಿ ಅದೇ ಉದಾಹರಣೆ ಇನ್ನೂ ಇದೆ. ನೋಡಿ ನಕಲು ಮಾಡಬೇಡಿ.

ಹಾಗಾದರೆ ಯಾವುದನ್ನು ಬಳಸಬೇಕು? ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಯ ಮೊದಲ ಆಟಕ್ಕೆ ಕಣ್ಣಿಗೆ ಕಾಣುವ ಪಠ್ಯ ರೂಪವೇ ಸರಿ. ಸೊಕೊಬಾನಿನಂತಹ ಸಾದಾ ಸಾಲುಗಳಾದರೂ ಆದೀತು, ಜೇಸನ್ ಅಥವಾ ಎಕ್ಸ್‌ಎಂಎಲ್ ಆದರೂ ಆದೀತು. ಜಾಗ ಹೆಚ್ಚು ಬೇಕಲ್ಲ ಎಂಬ ಚಿಂತೆ ಬೇಡ. ಅಡ್ಡ ನೂರು ಉದ್ದ ನೂರು ಮನೆಗಳ ಲೆವೆಲ್ಲಿಗೆ ಮನೆಗೊಂದು ಅಕ್ಷರದಂತೆ ಹತ್ತು ಸಾವಿರ ಬೈಟ್. ಹಳೆಯ ಒಂದು ಫ್ಲಾಪಿಯಲ್ಲೇ ಅಂತಹ ನೂರಕ್ಕೂ ಹೆಚ್ಚು ಲೆವೆಲ್ ಹಿಡಿಸುತ್ತಿದ್ದವು. ತಪ್ಪಾದಾಗ ನೋಟ್‌ಪ್ಯಾಡಿನಲ್ಲಿ ತೆರೆದು ಏನಾಗಿದೆ ಎಂದು ನೋಡಬಹುದಾದ ಅನುಕೂಲ ಈ ಉಳಿತಾಯಕ್ಕಿಂತ ದೊಡ್ಡದು.

ಯಾವ ರೂಪವಾದರೂ ಮೊದಲ ಸಾಲಿನಲ್ಲಿ ಎರಡು ವಿಷಯ ಇರಲೇಬೇಕು. ಇದು ಯಾವ ಆಟದ ಫೈಲ್, ಇದು ಎಷ್ಟನೆಯ ಆವೃತ್ತಿ. ಆವೃತ್ತಿ ಒಂದರಿಂದ ಶುರುವಾಗಲಿ. ರೂಪ ಬದಲಾದಾಗ ಎರಡು ಮಾಡಿ, ಜೊತೆಗೆ ಒಂದನ್ನು ಎರಡಾಗಿ ಬದಲಿಸುವ ಒಂದು ಸಣ್ಣ ಫಂಕ್ಷನ್ ಬರೆಯಿರಿ. ಮೂರು ಬಂದಾಗ ಎರಡನ್ನು ಮೂರು ಮಾಡುವುದು. ಒಂದನೇ ಆವೃತ್ತಿಯ ಫೈಲ್ ಬಂದರೆ ಮೆಟ್ಟಿಲು ಹತ್ತಿದಂತೆ ಒಂದರ ನಂತರ ಒಂದು ನಡೆಸಿದರಾಯಿತು. ಹಳೆಯ ಫಂಕ್ಷನ್‌ಗಳನ್ನು ಎಂದೂ ಅಳಿಸಬೇಡಿ. ನಿಮಗಿಂತ ಹೊಸ ಆವೃತ್ತಿಯ ಫೈಲ್ ಬಂದರೆ ಊಹಿಸಿ ತೆರೆಯಲು ಹೋಗದೆ, 'ಇದನ್ನು ತೆರೆಯಲು ಹೊಸ ಪ್ರೋಗ್ರಾಂ ಬೇಕು' ಎಂದು ನೇರವಾಗಿ ಹೇಳಿ.

ಬದಲಿಸುವಾಗ ಒಂದು ಎಚ್ಚರ. ಎರಡನೇ ಆವೃತ್ತಿಯಲ್ಲಿ ಲೆವೆಲ್ಲಿಗೆ ಸಮಯದ ಮಿತಿ ಸೇರಿಸಿದಿರಿ ಎನ್ನಿ. ಹಳೆಯ ಫೈಲಿನಲ್ಲಿ ಆ ಮಾತೇ ಇಲ್ಲ. ಏನೂ ಮಾಡದೆ ಬಿಟ್ಟರೆ ಆ ಜಾಗದಲ್ಲಿ ಸೊನ್ನೆ ಬಂದು ಕೂರುತ್ತದೆ. ಲೆವೆಲ್ ತೆರೆದ ಕ್ಷಣವೇ 'ಸಮಯ ಮುಗಿಯಿತು'. ಅರವತ್ತು ಸೆಕೆಂಡ್ ಎಂದು ತುಂಬಿದರೂ ತಪ್ಪೇ, ಏಕೆಂದರೆ ಆ ಲೆವೆಲ್ ಕಟ್ಟಿದವಳು ನಿಧಾನವಾಗಿ ಯೋಚಿಸಿ ಬಿಡಿಸಲೆಂದು ಕಟ್ಟಿರಬಹುದು. ಸರಿಯಾದ ಉತ್ತರ 'ಮಿತಿ ಇಲ್ಲ' ಎಂಬುದು. ಅಂದು ಬರೆದವರ ಮನಸ್ಸಿನಲ್ಲಿ ಇದ್ದದ್ದೇನು ಎಂದು ಕೇಳಿಕೊಳ್ಳಿ, ಇಂದು ನಿಮಗೆ ಅನುಕೂಲವಾದದ್ದೇನು ಎಂದಲ್ಲ.

ಕನ್ನಡದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಲೆವೆಲ್ಲಿಗೆ 'ಬೆಟ್ಟದ ದಾರಿ' ಎಂದು ಹೆಸರಿಡಿ, ಉಳಿಸಿ, ತೆರೆಯಿರಿ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ, ನಿಮ್ಮ ಪ್ರೋಗ್ರಾಂ ಯೂನಿಕೋಡನ್ನು ಬಿಟ್ಟು ಹಳೆಯ ಸಂಕೇತ ಕೋಷ್ಟಕದಲ್ಲಿ ಬರೆದಿದೆ ಎಂದರ್ಥ. ಬರೆಯುವಾಗಲೂ ಓದುವಾಗಲೂ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ. ಯಂತ್ರದ ಇಷ್ಟಕ್ಕೆ ಬಿಡಬೇಡಿ. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಅರ್ಧಾಕ್ಷರದ ಗುರುತೂ ಸೇರಿ ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 15 ಬೈಟ್. ಡೂಮ್ ಫೈಲಿನ ಎಂಟು ಬೈಟ್‌ಗಳ ಹೆಸರಿನ ಜಾಗದಲ್ಲಿ ನಮ್ಮ ನುಡಿಯ ಹೆಸರೇ ಹಿಡಿಸದು, ಮೂರನೆಯ ಸಂಕೇತದ ನಡುವೆ ಕತ್ತರಿಸಿ ಹೋಗುತ್ತದೆ. ಯೂನಿಕೋಡಿಗೆ ಮುಂಚೆ ಬೇರೆ ಬೇರೆ ಫಾಂಟುಗಳ ಸಂಕೇತದಲ್ಲಿ ಟೈಪ್ ಮಾಡಿದ ಕನ್ನಡದ ಫೈಲುಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುದನ್ನು ಡಿ.ಟಿ.ಪಿ. ಕೆಲಸ ಮಾಡಿದ ಹಿರಿಯರು ಬಲ್ಲರು. ಅದೂ ಉಳಿಸುವ, ತೆರೆಯುವ ಸಮಸ್ಯೆಯೇ.

ದಶಮಾಂಶದ ಚುಕ್ಕೆಯನ್ನೂ ಯಂತ್ರದ ಇಷ್ಟಕ್ಕೆ ಬಿಡುವಂತಿಲ್ಲ. ಜರ್ಮನಿಯ ಕಂಪ್ಯೂಟರ್ ಮೂರೂವರೆಯನ್ನು 3,5 ಎಂದು ಬರೆಯುತ್ತದೆ. ಅಲ್ಲಿ ಉಳಿಸಿದ ಫೈಲ್ ಇಲ್ಲಿ ತೆರೆದರೆ ಮೂವತ್ತೈದು ಎಂದು ಓದಿಕೊಂಡರೂ ಆಶ್ಚರ್ಯವಿಲ್ಲ.

ಇನ್ನು ಫೈಲನ್ನು ಡಿಸ್ಕಿಗೆ ಬರೆಯುವ ಕ್ರಮ. ಇದು ನಮ್ಮ ಕರೆಂಟಿನ ಪರಿಸ್ಥಿತಿ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಮಾಡುವುದು, ಇರುವ ಫೈಲನ್ನೇ ಬರೆಯಲು ತೆರೆದು ಹೊಸದನ್ನು ತುಂಬುವುದು. ಆದರೆ ಬರೆಯಲು ತೆರೆದ ಕ್ಷಣದಲ್ಲೇ ಹಳೆಯದೆಲ್ಲ ಅಳಿಸಿ ಫೈಲ್ ಸೊನ್ನೆ ಬೈಟ್ ಆಗಿರುತ್ತದೆ. ಅಲ್ಲಿಂದ ಕೊನೆಯ ಬೈಟ್ ಬರೆಯುವವರೆಗಿನ ಅವಧಿಯಲ್ಲಿ ಕರೆಂಟ್ ಹೋದರೆ, ಅಥವಾ ನಿಮ್ಮ ಪ್ರೋಗ್ರಾಮೇ ನಡುವೆ ತಪ್ಪು ಮಾಡಿ ನಿಂತರೆ, ಹಳೆಯದೂ ಇಲ್ಲ, ಹೊಸದೂ ಇಲ್ಲ.

ಹೀಗೆ ಮಾಡಿ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್ ತೆರೆದು ಎಲ್ಲವನ್ನೂ ಅದರಲ್ಲಿ ಬರೆಯಿರಿ. ಬರೆದದ್ದು ನಿಜವಾಗಿ ಡಿಸ್ಕಿಗೆ ಇಳಿಯುವಂತೆ ಆಪರೇಟಿಂಗ್ ಸಿಸ್ಟಮ್ಮಿಗೆ ಹೇಳಿ, ಏಕೆಂದರೆ ಅದು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡಿರುವುದುಂಟು. ಫೈಲ್ ಮುಚ್ಚಿ. ಕೊನೆಗೆ ತಾತ್ಕಾಲಿಕ ಫೈಲಿನ ಹೆಸರನ್ನು ನಿಜವಾದ ಹೆಸರಿಗೆ ಬದಲಿಸಿ. ಹೆಸರು ಬದಲಿಸುವುದು ಒಂದೇ ಏಟಿನ ಕೆಲಸ: ಯಾವಾಗ ನೋಡಿದರೂ ಆ ಹೆಸರಿನಲ್ಲಿ ಪೂರ್ತಿ ಹಳೆಯದೋ ಪೂರ್ತಿ ಹೊಸದೋ ಒಂದು ಫೈಲ್ ಇದ್ದೇ ಇರುತ್ತದೆ. ತಾತ್ಕಾಲಿಕ ಫೈಲನ್ನು ಬೇರೆ ಡ್ರೈವಿನಲ್ಲಿ ಇಟ್ಟರೆ ಈ ಗುಣ ಹೋಯಿತು, ಆಗ ಅದು ಹೆಸರು ಬದಲಾವಣೆಯಲ್ಲ, ನಕಲು. ಜಾವಾ, ಪೈಥಾನ್, ಸಿ ಶಾರ್ಪ್ ಮೂರರಲ್ಲೂ ಇದಕ್ಕೆ ಸಿದ್ಧ ಫಂಕ್ಷನ್‌ಗಳಿವೆ. ಸಿ ಶಾರ್ಪಿನದು ಹಳೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಡಲೂ ಬಲ್ಲದು.

ಎಲ್ಲಿ ಬರೆಯಬೇಕು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಬೇಡ. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ತಾದಿಂದೀಚೆಗೆ ಸಾಮಾನ್ಯ ಬಳಕೆದಾರನಿಗೆ 'ಪ್ರೋಗ್ರಾಂ ಫೈಲ್ಸ್' ಒಳಗೆ ಬರೆಯುವ ಅಧಿಕಾರವಿಲ್ಲ. ಬಳಕೆದಾರನ ಹೆಸರಿನ ಫೋಲ್ಡರಿನಲ್ಲೇ ಜಾಗವಿದೆ, ಅದನ್ನು ಆಪರೇಟಿಂಗ್ ಸಿಸ್ಟಮ್ಮಿನಿಂದ ಕೇಳಿ ಪಡೆಯಿರಿ. ಲೆವೆಲ್ಲಿನೊಳಗೆ ಚಿತ್ರಗಳ ದಾರಿ ಬರೆಯುವಾಗ 'ಸಿ ಡ್ರೈವ್, ಇಂಥವನ ಡೆಸ್ಕ್‌ಟಾಪ್' ಎಂದು ಪೂರ್ತಿ ವಿಳಾಸ ಬರೆದರೆ ಅದು ಇಂಥವನ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ.

ತೆರೆಯುವಾಗಿನ ನಿಯಮ: ಫೈಲ್ ಹೇಳಿದ್ದನ್ನೆಲ್ಲ ನಂಬಬೇಡಿ. ಅಗಲ, ಎತ್ತರ ಎಷ್ಟೆಂದು ಬರೆದಿದೆಯೋ ಅಷ್ಟು ಮನೆಗಳು ನಿಜವಾಗಿ ಇವೆಯೇ? ಕೆಲಸಗಾರ ಒಬ್ಬನೇ ಇದ್ದಾನೆಯೇ, ಇಲ್ಲವೇ ಇಲ್ಲವೇ, ಇಬ್ಬರೇ? ಪೆಟ್ಟಿಗೆಗಳಿಗೂ ಗುರಿಗಳಿಗೂ ಲೆಕ್ಕ ಸರಿಯೇ? ಕೀಲಿ ಹೇಳುವ ಏಳನೇ ಬಾಗಿಲು ಪಟ್ಟಿಯಲ್ಲಿದೆಯೇ? 'ಇನ್ನು ನಾನೂರು ಕೋಟಿ ವಸ್ತುಗಳಿವೆ' ಎಂದು ಕೆಟ್ಟ ಫೈಲ್ ಹೇಳಿದರೆ ಅಷ್ಟು ಮೆಮೊರಿ ಕೇಳಲು ಹೊರಡಬೇಡಿ. ಫೈಲಿನಲ್ಲಿ ಉಳಿದಿರುವ ಬೈಟ್ ಎಷ್ಟೆಂದು ಮೊದಲು ನೋಡಿ. ಡೂಮ್ ಆಟ ಉಳಿಸಿದ ಫೈಲಿನ ಕೊನೆಯಲ್ಲಿ ಒಂದು ನಿಶ್ಚಿತ ಬೈಟ್ ಇಡುತ್ತಿತ್ತು. ಓದಿ ಮುಗಿಸಿದಾಗ ಆ ಬೈಟ್ ಸಿಗದಿದ್ದರೆ ಫೈಲ್ ಕೆಟ್ಟಿದೆ ಎಂದು ತಿಳಿಯುತ್ತಿತ್ತು. ನೀವೂ ಇಟ್ಟುಕೊಳ್ಳಬಹುದು.

ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಪರದೆಯ ಮೇಲಿರುವ ಲೆವೆಲ್ಲನ್ನು ಮುಟ್ಟಬೇಡಿ. ಹೊಸದನ್ನು ಪಕ್ಕದಲ್ಲಿ ಪೂರ್ತಿ ಕಟ್ಟಿ, ಸರಿ ಎಂದು ಖಾತ್ರಿಯಾದ ಮೇಲೆ ಅದಲುಬದಲು ಮಾಡಿ. ಹಳೆಯ ಮನೆ ಕೆಡವಿದ ಮೇಲೆ ಹೊಸ ಮನೆಗೆ ಕಲ್ಲಿಲ್ಲ ಎಂದು ಗೊತ್ತಾದರೆ ರಾತ್ರಿ ಎಲ್ಲಿ ಮಲಗುವುದು? ತಪ್ಪು ಕಂಡಾಗ 'ಎರರ್' ಎಂಬ ಒಂದೇ ಪದ ತೋರಿಸದೆ, 'ಹನ್ನೆರಡನೇ ಸಾಲಿನಲ್ಲಿ ಕೆಲಸಗಾರ ಎರಡನೇ ಸಲ ಬಂದಿದ್ದಾನೆ' ಎಂದು ತಿಳಿಸಿದರೆ, ಲೆವೆಲ್ ಕಟ್ಟಿದ ಮಗು ತಾನೇ ತಿದ್ದಿಕೊಳ್ಳಬಲ್ಲದು.

ಪೋಷಕರು ತಾಳ್ಮೆಯಿಂದ ಕೇಳಿದ್ದೀರಿ. ಅಂಗಡಿಯ ಲೆಕ್ಕದ ಪ್ರೋಗ್ರಾಂ, ಶಾಲೆಯ ಅಂಕಪಟ್ಟಿ, ಗ್ರಂಥಾಲಯದ ಪುಸ್ತಕ ವಹಿ, ಇವಕ್ಕೂ ಇವೇ ನಿಯಮಗಳು. ಅಲ್ಲಿ ಕಳೆಯುವುದು ಚಕ್ರವ್ಯೂಹವಲ್ಲ, ಒಬ್ಬರ ಬಾಕಿ ಹಣ, ಒಬ್ಬಳ ಹತ್ತನೇ ತರಗತಿಯ ಅಂಕ. ಆಟದಲ್ಲಿ ಕಲಿತರೆ ಕಡಿಮೆ ಖರ್ಚು.

ವಿದ್ಯಾರ್ಥಿಗಳೇ, ಊಟದ ನಂತರ ಲ್ಯಾಬಿನಲ್ಲಿ ಸೇರೋಣ. ನಿಮ್ಮ ನಿಮ್ಮ ಪ್ರೋಗ್ರಾಮಿನಲ್ಲಿ ಮೂರು ಪರೀಕ್ಷೆ ಮಾಡಿ ನೋಡಿ. ಮೊದಲನೆಯದು, ಒಂದು ಲೆವೆಲ್ ಉಳಿಸಿ, ತೆರೆದು, ಏನೂ ಮುಟ್ಟದೆ ಬೇರೆ ಹೆಸರಿನಲ್ಲಿ ಮತ್ತೆ ಉಳಿಸಿ. ಎರಡು ಫೈಲುಗಳನ್ನು ಬೈಟಿಗೆ ಬೈಟ್ ಹೋಲಿಸಿ. ವ್ಯತ್ಯಾಸ ಕಂಡರೆ ಏನೋ ಕಳೆದುಹೋಗುತ್ತಿದೆ, ಅಥವಾ ಕ್ರಮ ಸ್ಥಿರವಾಗಿಲ್ಲ. ಎರಡನೆಯದು, ಫೈಲಿನ ಅರ್ಧ ಭಾಗವನ್ನು ನೋಟ್‌ಪ್ಯಾಡಿನಲ್ಲಿ ಅಳಿಸಿ ತೆರೆಯಲು ಪ್ರಯತ್ನಿಸಿ. ಮೂರನೆಯದು, ಬರೆಯುವ ಕೋಡಿನ ನಡುವೆ ಹತ್ತು ಸೆಕೆಂಡ್ ನಿಲ್ಲುವಂತೆ ಒಂದು ಸಾಲು ಸೇರಿಸಿ, 'ಸೇವ್' ಒತ್ತಿ, ಆ ಹತ್ತು ಸೆಕೆಂಡಿನೊಳಗೆ ಟಾಸ್ಕ್ ಮ್ಯಾನೇಜರಿನಿಂದ ಪ್ರೋಗ್ರಾಮನ್ನು ಕೊಂದುಹಾಕಿ. ಆಮೇಲೆ ಫೋಲ್ಡರ್ ತೆರೆದು ಹಳೆಯ ಫೈಲ್ ಇದೆಯೇ ನೋಡಿ. ಪ್ರಶ್ನೆಗಳಿದ್ದರೆ ಬರೆದಿಟ್ಟುಕೊಂಡು ಬನ್ನಿ, ಲ್ಯಾಬಿನಲ್ಲಿ ಒಂದೊಂದಾಗಿ ನೋಡೋಣ.